ಬೀದರಿನ ಹುಕ್ಕಾ, ಲಂಡನ್ನಿನ ಸೂತ್ರ

ಚಿತ್ರಕಲಾ ಶಾಲೆಗೆ ಸೇರಿದವರಿಗೆ ಮೊದಲ ತಿಂಗಳಲ್ಲೇ ಎರಡು ಪಟ್ಟಿಗಳು ಬಾಯಿಪಾಠವಾಗುತ್ತವೆ. ರೇಖೆ, ಆಕಾರ, ಬಣ್ಣ, ಛಾಯೆ, ಮೈವಳಿಕೆ, ತೆರಪು ಇವು ವಿನ್ಯಾಸದ ಮೂಲಾಂಶಗಳು. ಸಮತೋಲ, ಲಯ, ಪ್ರಮಾಣ, ವೈದೃಶ್ಯ, ಪ್ರಾಧಾನ್ಯ, ಏಕತೆ ಇವು ತತ್ವಗಳು. ಪುಸ್ತಕಕ್ಕೆ ಮುಖಪುಟ ಮಾಡುವವರು, ಸೀರೆಗೆ ಅಂಚು ಬರೆಯುವವರು, ಮೊಬೈಲ್ ಆ್ಯಪ್‌ನ ಪರದೆ ಜೋಡಿಸುವವರು ಎಲ್ಲರೂ ಇಲ್ಲಿಂದಲೇ ಪಾಠ ಶುರುಮಾಡುತ್ತಾರೆ. ಇವೆಲ್ಲ ಯುರೋಪಿನ ಕೊಡುಗೆ ಎಂದು ಪಠ್ಯಗಳು ಹೇಳುತ್ತವೆ. ಹೆಚ್ಚೆಂದರೆ ಜರ್ಮನಿಯ ಬೌಹೌಸ್ ಶಾಲೆಯ ಹೆಸರೆತ್ತಿ ಮುಂದಕ್ಕೆ ಹೋಗುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದ ನಡುವೆ ಈ ತತ್ವಗಳಿಗೆ ಕ್ರಮಸಂಖ್ಯೆ ಹಾಕಿ ಶಾಲೆಗಳಿಗೆ ಹಂಚಿದ ಇಂಗ್ಲಿಷರ ಕಣ್ಣೆದುರು ಇದ್ದ ಮಾದರಿಗಳಲ್ಲಿ ದೊಡ್ಡ ಪಾಲು ಭಾರತದವು. ಕಾಶ್ಮೀರದ ಶಾಲು, ಢಾಕಾದ ಮಸ್ಲಿನ್, ಅಹಮದಾಬಾದು ಮತ್ತು ಬನಾರಸಿನ ಜರತಾರಿ ಬಟ್ಟೆ, ಬೆಳ್ಳಿ ಕೂರಿಸಿದ ಕಪ್ಪು ಲೋಹದ ಹುಕ್ಕಾ. ಆ ಕಥೆ ನಮ್ಮ ತರಗತಿಗಳಲ್ಲಿ ಕೇಳಿಬರುವುದು ಅಪರೂಪ.

1851ರ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿ ಮಹಾಪ್ರದರ್ಶನವೊಂದನ್ನು ಉದ್ಘಾಟಿಸಿದಳು. ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ, ಗಾಜುಗಳಲ್ಲಿ ರೂಪಿಸಿದ ‘ಕ್ರಿಸ್ಟಲ್ ಪ್ಯಾಲೇಸ್’ 1,800 ಅಡಿಗೂ ಮಿಕ್ಕಿ ಉದ್ದವಿತ್ತು. ಅಕ್ಟೋಬರಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಸುಮಾರು 60 ಲಕ್ಷ ಭೇಟಿಗಳು ದಾಖಲಾಗಿದ್ದವು. ಜಗತ್ತಿನ ಮೂಲೆಮೂಲೆಯ ಮಾಲು ಅಲ್ಲಿ ಸೇರಿತ್ತು: ಉಗಿಯಂತ್ರ, ಮಗ್ಗ, ಗಡಿಯಾರ, ಪಿಂಗಾಣಿ, ಜಮಖಾನ. ಭಾರತದ ವಿಭಾಗವನ್ನು ಸಜ್ಜುಗೊಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಅದರ ಹೊಣೆ ಹೊತ್ತವನು ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್. ಚರ್ಮಕ್ಕೆ ತುಂಬಣಿ ಕೊಟ್ಟು ನಿಲ್ಲಿಸಿದ ಆನೆಯ ಮೇಲೆ ಅಂಬಾರಿ ಕಟ್ಟಿದ್ದರು. ಆಗತಾನೆ ಪಂಜಾಬಿನಿಂದ ವಶವಾಗಿದ್ದ ಕೊಹಿನೂರ್ ವಜ್ರ ಪಂಜರದಲ್ಲಿತ್ತು. ನೋಡಿದವರು ಹೊಳಪು ಸಾಲದೆಂದು ನಿರಾಶರಾದರು. ಬಟ್ಟೆ ಮತ್ತು ಲೋಹದ ಕೆಲಸದ ಮುಂದೆ ನಿಂತವರಿಗೆ ಮಾತ್ರ ನಿರಾಶೆಯಾಗಲಿಲ್ಲ.

ಇಂಗ್ಲೆಂಡಿನ ವಿನ್ಯಾಸಕಾರರಿಗೆ ಅಲ್ಲಿ ಕಂಡದ್ದು ತಮ್ಮದೇ ದೇಶದ ಬಡತನ. ಯಂತ್ರ ಬಂದ ಮೇಲೆ ಯಾವ ಅಲಂಕಾರವನ್ನಾದರೂ ಅಗ್ಗವಾಗಿ ಯಾವ ವಸ್ತುವಿನ ಮೇಲಾದರೂ ಅಂಟಿಸಬಹುದಾಗಿತ್ತು. ಕಾರ್ಖಾನೆಗಳು ಹಾಗೆಯೇ ಮಾಡಿದ್ದವು. ನೆಲದ ಜಮಖಾನದ ಮೇಲೆ ನೆರಳು ಸಮೇತ ಎದ್ದು ಕಾಣುವ ಗುಲಾಬಿ ಗೊಂಚಲು, ಗೋಡೆಯ ಕಾಗದದ ಮೇಲೆ ಸಾಲು ಕಟ್ಟಿದ ಕಟ್ಟಡಗಳ ನೋಟ, ಬಳ್ಳಿಯ ಹೂವಿನಂತೆ ಅರಳಿದ ಗ್ಯಾಸ್ ದೀಪ. ಹೂವಿನ ಬಾಯಿಂದ ಬೆಂಕಿ ಬರುವುದರಲ್ಲಿ ಅರ್ಥವಿಲ್ಲವೆಂದು ಯಾರಿಗೂ ಅನ್ನಿಸಿರಲಿಲ್ಲ. ಫ್ರೆಂಚ್ ಮಾಲಿನೆದುರು ಬ್ರಿಟಿಷ್ ಮಾಲು ಸೋಲುತ್ತಿದೆ ಎಂಬ ಚಿಂತೆಯಿಂದ ಸರ್ಕಾರ 1837ರಲ್ಲೇ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ವಿನ್ಯಾಸ ಶಾಲೆ ತೆರೆದಿತ್ತು. ಹದಿನಾಲ್ಕು ವರ್ಷದ ಶಾಲೆಯ ಫಲ ಏನೆಂಬುದು ಹೈಡ್ ಪಾರ್ಕಿನಲ್ಲಿ ಬಯಲಾಯಿತು.

ಪ್ರದರ್ಶನ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ತೋರಿಸಲು ಉತ್ತಮ ಮಾದರಿಗಳನ್ನು ಕೊಳ್ಳುವುದೆಂದು ತೀರ್ಮಾನವಾಯಿತು. ಸರ್ಕಾರ 5,000 ಪೌಂಡ್ ಕೊಟ್ಟಿತು. ಆಯ್ಕೆಗೆ ಕುಳಿತವರು ನಾಲ್ವರು: ಆಡಳಿತಗಾರ ಹೆನ್ರಿ ಕೋಲ್, ಚಿತ್ರಕಾರ ರಿಚರ್ಡ್ ರೆಡ್‌ಗ್ರೇವ್, ವಾಸ್ತುಶಿಲ್ಪಿಗಳಾದ ಎ.ಡಬ್ಲ್ಯು.ಎನ್. ಪ್ಯೂಜಿನ್ ಮತ್ತು ಓವನ್ ಜೋನ್ಸ್. ಪ್ರತಿ ವಸ್ತುವೂ ರಚನೆಯ ಅಥವಾ ಅಲಂಕಾರದ ಒಂದು ಸರಿಯಾದ ತತ್ವಕ್ಕೆ ಉದಾಹರಣೆಯಾಗಬೇಕೆಂಬುದು ಅವರ ಅಳತೆಗೋಲು. ಆ ಅಳತೆಗೆ ಯುರೋಪಿನ ಎಷ್ಟೋ ಮಾಲು ನಿಲ್ಲಲಿಲ್ಲ, ಭಾರತದ ವಸ್ತುಗಳು ನಿಂತವು. ಕೆಲಸದಲ್ಲಿ ಒರಟುತನ ಕಂಡರೂ ತತ್ವದಲ್ಲಿ ತಪ್ಪಿಲ್ಲ ಎಂಬುದು ಅವರ ತೀರ್ಪಿನ ಸಾರ. ಹಾಗೆ ಕೊಂಡ ವಸ್ತುಗಳು 1852ರಲ್ಲಿ ಮಾರ್ಲ್‌ಬರೋ ಹೌಸ್ ಎಂಬ ಅರಮನೆಯನ್ನು ಸೇರಿದವು. ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಕರೆಯುವ ಸಂಸ್ಥೆಯ ಬುಡ ಇದೇ.

ನಾಲ್ವರಲ್ಲಿ ಓವನ್ ಜೋನ್ಸನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1809ರಲ್ಲಿ ಹುಟ್ಟಿದ ಈತ 1834ರಲ್ಲಿ ಸ್ಪೇನಿನ ಗ್ರನಾಡಾಕ್ಕೆ ಹೋಗಿ ಅಲ್‌ಹಂಬ್ರಾ ಅರಮನೆಯ ಗೋಡೆಗಳನ್ನು ಅಳೆದು ಬರೆದುಕೊಂಡವನು. ಜೊತೆಗಿದ್ದ ಗೆಳೆಯ ಜೂಲ್ ಗೂರಿ ಅಲ್ಲೇ ಕಾಲರಾಕ್ಕೆ ಬಲಿಯಾದ; ಜೋನ್ಸ್ ಕೆಲಸ ಕೈಬಿಡಲಿಲ್ಲ. ಅರಬ್ ಗೋಡೆಗಳಿಂದ ಅವನು ಕಲಿತದ್ದು ಬಣ್ಣದ ಲೆಕ್ಕ. ಕ್ರಿಸ್ಟಲ್ ಪ್ಯಾಲೇಸಿನ ಒಳಗಿನ ಕಬ್ಬಿಣಕ್ಕೆ ಕೆಂಪು, ಹಳದಿ, ನೀಲಿ ಬಳಿಸಿದ್ದೂ ಇವನೇ. ಬಣ್ಣದ ಯೋಜನೆ ಕೇಳಿ ಪತ್ರಿಕೆಗಳು ಮೊದಲು ಹೀಯಾಳಿಸಿದವು, ಕಟ್ಟಡ ನಿಂತ ಮೇಲೆ ಮೆಚ್ಚಿಕೊಂಡವು.

1856ರಲ್ಲಿ ಜೋನ್ಸ್ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಪ್ರಕಟಿಸಿದ. 100 ಬಣ್ಣದ ಫಲಕಗಳು, ಆರಂಭದಲ್ಲೇ 37 ಸೂತ್ರಗಳು. ಇಂದಿನ ವಿನ್ಯಾಸ ಪಠ್ಯದ ಭಾಷೆ ಆ ಸೂತ್ರಗಳಲ್ಲಿ ಆಗಲೇ ಕೇಳಿಸುತ್ತದೆ. ಅಲಂಕಾರವೆಲ್ಲ ಜ್ಯಾಮಿತಿಯ ಕಟ್ಟಿನ ಮೇಲೆ ನಿಲ್ಲಬೇಕು. ನೇರ, ಓರೆ, ಬಾಗು ರೇಖೆಗಳ ತೂಕ ಮತ್ತು ವೈದೃಶ್ಯದಿಂದ ಆಕಾರದ ಹೊಂದಾಣಿಕೆ ಹುಟ್ಟುತ್ತದೆ. ರೇಖೆಗಳು ಒಂದು ತಾಯಿಬಳ್ಳಿಯಿಂದ ಕವಲೊಡೆದು ಹರಿಯಬೇಕು. ಹೂವನ್ನು ಇದ್ದ ಹಾಗೆ ನಕಲಿಸದೆ ಅದರ ಗುಣವನ್ನು ಸೂಚಿಸುವ ರೂಪಕ್ಕೆ ಇಳಿಸಬೇಕು. ಬಣ್ಣ ಆಕಾರಕ್ಕೆ ನೆರವಾಗಬೇಕು. ರಚನೆಯನ್ನು ಅಲಂಕರಿಸಬಹುದು, ಅಲಂಕಾರಕ್ಕೆಂದೇ ರಚನೆ ಕಟ್ಟಬಾರದು.

ಅಲ್‌ಹಂಬ್ರಾ ಜೋನ್ಸನ ಪಾಲಿಗೆ ಕಲೆಯ ಶಿಖರ, ಅದರಲ್ಲಿ ಸಂದೇಹವಿಲ್ಲ. ಆದರೆ ಭಾರತದ ಅಧ್ಯಾಯ ಓದಿದರೆ ಸೂತ್ರಗಳಿಗೆ ಎಲ್ಲಿಂದ ಬಲ ಬಂತೆಂಬುದೂ ಗೊತ್ತಾಗುತ್ತದೆ. ಬಟ್ಟೆಗಳನ್ನು ಪರೀಕ್ಷಿಸಿ ಅವನು ಒಂದು ನಿಯಮ ಗುರುತಿಸಿದ್ದಾನೆ: ಚಿನ್ನದ ಕೆಲಸ ದಟ್ಟವಾಗಿರುವಲ್ಲಿ ನೆಲದ ಬಣ್ಣ ಗಾಢವಾಗಿರುತ್ತದೆ, ಚಿನ್ನ ವಿರಳವಾದಂತೆ ನೆಲ ತಿಳಿಯಾಗುತ್ತದೆ. ಬಣ್ಣದ ನೆಲದ ಮೇಲಿನ ಹೂವಿಗೆ ಸುತ್ತ ಅಂಚು ಕೊಟ್ಟು ಒರಟುತನ ಕಳೆಯುವ ರೀತಿಯನ್ನೂ ಅಲ್ಲೇ ವಿವರಿಸುತ್ತಾನೆ. ಲೋಹದ ಕೆಲಸದ ಫಲಕದಲ್ಲಿ ಹುಕ್ಕಾಗಳನ್ನು ಮೆಚ್ಚಿಕೊಳ್ಳುತ್ತಾನೆ. ಅವುಗಳ ಹೊರಗೆರೆ ಸೊಗಸು, ಮೈಮೇಲಿನ ಪ್ರತಿ ಅಲಂಕಾರವೂ ಪಾತ್ರೆಯ ಒಟ್ಟು ಆಕಾರವನ್ನೇ ಎತ್ತಿ ಹಿಡಿಯುತ್ತದೆ ಎನ್ನುತ್ತಾನೆ.

1851ರ ಭಾರತೀಯ ವಿಭಾಗದಲ್ಲಿ ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಬಿದರಿ ಕೆಲಸವೂ ಇತ್ತು. ಆಗ ಬೀದರ್ ನಿಜಾಮರ ಹೈದರಾಬಾದಿಗೆ ಸೇರಿದ ಊರು. ಬಿದರಿಯನ್ನು ಹತ್ತಿರದಿಂದ ನೋಡಿದರೆ ಮೂಲಾಂಶ, ತತ್ವಗಳ ಪಾಠ ಪೂರ್ತಿ ಕೈಗೆ ಸಿಗುತ್ತದೆ. ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿದ ಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೀರಿದ ಗೆರೆ ಕಾಣಬೇಕಲ್ಲ. ಚೂಪು ಉಕ್ಕಿನ ಮೊನೆಯಿಂದ ಕೈಬೀಸಿನಲ್ಲೇ ಬಳ್ಳಿ, ಎಲೆ, ಹೂ ಬರೆಯುತ್ತಾರೆ. ಉಳಿಯಿಂದ ಗೆರೆಯನ್ನು ತೋಡಿ, ಆ ತೋಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಇದು ತಾರ್ಕಶಿ. ತಂತಿಯ ಬದಲು ತಗಡು ಕೂರಿಸಿದರೆ ತೆಹನಿಶಾನ್. ಮತ್ತೆ ಉಜ್ಜಿ ಸಮಮಾಡಿದ ಮೇಲೆ ಕೊನೆಯ ಹಂತ: ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಪಾತ್ರೆಗೆ ಬಳಿಯುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ.

ಇಲ್ಲಿ ತಂತಿಯೇ ರೇಖೆ, ತಗಡೇ ಆಕಾರ, ಕಪ್ಪು ಬಿಳಿಯೇ ವೈದೃಶ್ಯ. ಕತ್ತಿನಿಂದ ಹೊಟ್ಟೆಗೆ ಇಳಿಯುತ್ತ ಅಗಲವಾಗುವ ಪಾತ್ರೆಯ ಮೇಲೆ ಹೂಗಳೂ ಅದೇ ಲೆಕ್ಕದಲ್ಲಿ ಹಿಗ್ಗುತ್ತವೆ, ಅದು ಪ್ರಮಾಣ. ಮೂರೆಲೆಯ ಬಳ್ಳಿ ಸುತ್ತಿ ಬರುವಾಗ ಶುರುವಾದ ಜಾಗಕ್ಕೆ ಎಲೆ ತಪ್ಪದೆ ಬಂದು ಕೂಡುತ್ತದೆ, ಅದು ಲಯ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಅಫ್ತಾಬಿ ಎಂಬ ಬಗೆ. ಅದರಲ್ಲಿ ಬೆಳ್ಳಿಯ ತಗಡಿನಿಂದ ಹೂವಿನ ಆಕಾರವನ್ನು ಕತ್ತರಿಸಿ ತೆಗೆದು, ಉಳಿದ ತಗಡನ್ನು ಕೂರಿಸುತ್ತಾರೆ. ಆಗ ಬೆಳ್ಳಿ ನೆಲವಾಗಿ ಹೂ ಕಪ್ಪಾಗಿ ಮೂಡುತ್ತದೆ. ಹಿನ್ನೆಲೆಯೂ ಮುನ್ನೆಲೆಯಷ್ಟೇ ಆಕಾರವುಳ್ಳದ್ದೆಂದು ಇಂದಿನ ತರಗತಿಗಳಲ್ಲಿ ಹಲವು ಸ್ಲೈಡುಗಳಲ್ಲಿ ವಿವರಿಸುವ ವಿಷಯವನ್ನು ಬೀದರಿನ ಕಸುಬುದಾರ ಒಂದು ತಗಡಿನಲ್ಲಿ ಮುಗಿಸಿದ್ದಾನೆ.

ಲಂಡನ್ನಿಗೆ ಹಿಂತಿರುಗೋಣ. ಕೋಲ್ ಸುಮ್ಮನೆ ಒಳ್ಳೆಯದನ್ನು ತೋರಿಸಿ ತೃಪ್ತನಾಗುವ ಆಸಾಮಿಯಲ್ಲ. ಮಾರ್ಲ್‌ಬರೋ ಹೌಸಿನ ಒಂದು ಕೋಣೆಯಲ್ಲಿ ತಪ್ಪು ತತ್ವಗಳ ವಸ್ತುಗಳನ್ನೂ ಜೋಡಿಸಿಟ್ಟ; ಜನ ಅದಕ್ಕೆ ‘ಭಯಾನಕ ಕೋಣೆ’ ಎಂದೇ ಹೆಸರಿಟ್ಟರು. ಹೂವಿನ ಗ್ಯಾಸ್ ದೀಪ ಸೇರಿದ್ದು ಅಲ್ಲಿಗೆ. ತಮ್ಮ ಮಾಲನ್ನು ಹೀಗೆ ಬಯಲಿಗೆಳೆದದ್ದಕ್ಕೆ ಕಾರ್ಖಾನೆಯವರು ಗದ್ದಲವೆಬ್ಬಿಸಿದ್ದರಿಂದ ಆ ಕೋಣೆ ಬೇಗನೆ ಮುಚ್ಚಿತು. ಚಾರ್ಲ್ಸ್ ಡಿಕನ್ಸ್ ತನ್ನ ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆಯಲ್ಲಿ ಇದನ್ನು ಗೇಲಿಮಾಡಿದ ಲೇಖನ ಹಾಕಿದ. 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಜಮಖಾನದ ಮೇಲೆ ಹೂ ಇರಬಾರದೆಂದು ಶಾಲೆಯ ಹುಡುಗಿಯನ್ನು ಗದರಿಸುವ ಸರ್ಕಾರಿ ಅಧಿಕಾರಿ ಹೆನ್ರಿ ಕೋಲನ ಛಾಯೆ. ಡಿಕನ್ಸ್ ಹಿಡಿದ ಎಳೆ ಸರಿಯಾದದ್ದು. ನೋಡಿ ಕಂಡುಕೊಂಡ ವಿವೇಕವನ್ನು ಕೋಲ್ ಆಜ್ಞೆಯಾಗಿ ಮಾರ್ಪಡಿಸತೊಡಗಿದ್ದ.

1853ರ ಹೊತ್ತಿಗೆ 23 ಹಂತಗಳ ರಾಷ್ಟ್ರೀಯ ಪಠ್ಯಕ್ರಮ ಸಿದ್ಧವಾಯಿತು. ಮೊದಲು ಅಳತೆಪಟ್ಟಿ, ಕೈವಾರದ ಗೆರೆ. ಆಮೇಲೆ ಅಚ್ಚಿನ ಹಾಳೆ ನೋಡಿ ಹೊರರೇಖೆ. ಆಮೇಲೆ ಗಾರೆಯ ಮೂರ್ತಿ ನೋಡಿ ನೆರಳು. ವಿನ್ಯಾಸ ಮಾಡುವ ಹಂತ ಬರುವುದು ಕೊನೆಗೆ, ಇಪ್ಪತ್ತೆರಡನೆಯದಾಗಿ. ಪರೀಕ್ಷೆಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂಬುದರ ಮೇಲೆ ಮೇಷ್ಟರ ಸಂಪಾದನೆ ನಿಂತಿತ್ತು. ಹಾಗಾಗಿ ಕಲಿಸುವುದು ಪರೀಕ್ಷೆಗೆಂದೇ ಆಯಿತು.

ಅತ್ತ ಭಾರತದ ಬಟ್ಟೆಯ ಮೇಲಿನ ಆಸಕ್ತಿಗೆ ಇನ್ನೊಂದು ಮುಖವೂ ಇತ್ತು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ತುಣುಕುಗಳನ್ನು ಕತ್ತರಿಸಿ ಅಂಟಿಸಿ 18 ಸಂಪುಟ ಮಾಡಿದ. ಇಂಥ 20 ಜೊತೆಗಳಲ್ಲಿ 13 ಬ್ರಿಟನ್ನಿನ ಊರುಗಳಿಗೆ, 7 ಭಾರತಕ್ಕೆ. ಉದ್ದೇಶ ಮುಚ್ಚುಮರೆಯದ್ದಲ್ಲ: ಇಲ್ಲಿಯ ಜನ ಯಾವ ಅಂಚು, ಯಾವ ಅಳತೆ, ಯಾವ ಬಣ್ಣ ಉಡುತ್ತಾರೆಂದು ತಿಳಿದು ಅಲ್ಲಿಯ ಗಿರಣಿಗಳು ಅದನ್ನೇ ನೇಯ್ದು ಇಲ್ಲಿಗೆ ಮಾರಬೇಕು. ಪಂಚೆ, ಸೀರೆ, ರುಮಾಲುಗಳ ಆ ಪುಸ್ತಕ ಇಂದು ಜವಳಿ ಇತಿಹಾಸದ ಅಪೂರ್ವ ದಾಖಲೆ. ಆಗ ಅದು ನೇಕಾರನ ಹೊಟ್ಟೆಗೆ ಹೊಡೆಯುವ ಸಾಧನ. ಎರಡೂ ನಿಜ.

1857ರ ದಂಗೆ ಇಂಗ್ಲಿಷರ ಮನಸ್ಸನ್ನೇ ತಿರುಗಿಸಿತು. 1858ರ ಜನವರಿಯಲ್ಲಿ, ಮಾರ್ಲ್‌ಬರೋ ಹೌಸಿನಿಂದ ಆಗಷ್ಟೇ ಹೊಸ ಕಟ್ಟಡಕ್ಕೆ ಹೋಗಿದ್ದ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನಲ್ಲೇ ನಿಂತು ಕಲಾವಿಮರ್ಶಕ ಜಾನ್ ರಸ್ಕಿನ್ ಭಾರತದ ಅಲಂಕಾರಕಲೆಯ ಮೇಲೆ ಹರಿಹಾಯ್ದ. ಭಾರತೀಯರ ವಿನ್ಯಾಸ ಸೊಗಸೆಂದು ಒಪ್ಪಿಕೊಂಡು, ಆ ಜನ ಕ್ರೂರಿಗಳೆಂದು ವಾದಿಸಿ, ನಿಸರ್ಗವನ್ನು ಇದ್ದಂತೆ ಬರೆಯದ ಕಲೆಯೇ ಅವರನ್ನು ಕೆಡಿಸಿತೆಂದು ಎರಡಕ್ಕೂ ಗಂಟುಹಾಕಿದ. ಕಲಾವಿಮರ್ಶೆಯ ಇತಿಹಾಸದಲ್ಲಿ ಇಷ್ಟು ಅನ್ಯಾಯದ ತೀರ್ಪು ಹೆಚ್ಚಿಲ್ಲ. ದಂಗೆಯನ್ನು ದಮನಿಸುವಾಗ ನಡೆದ ಕ್ರೌರ್ಯಕ್ಕೆ ಯಾವ ಕಲೆ ಕಾರಣವೆಂದು ಅವನು ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ಸೂತ್ರಗಳು ಹಡಗು ಹತ್ತಿ ಭಾರತಕ್ಕೆ ಬಂದಿದ್ದವು. ಮದ್ರಾಸಿನಲ್ಲಿ ಶಸ್ತ್ರವೈದ್ಯ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಕಲಾಶಾಲೆ ತೆರೆದಿದ್ದ. ಕಲ್ಕತ್ತೆಯದು 1854, ಮುಂಬೈಯ ಜೆ.ಜೆ. ಶಾಲೆ 1857, ಲಾಹೋರಿನ ಮೇಯೋ ಶಾಲೆ 1875. ಸೌತ್ ಕೆನ್ಸಿಂಗ್ಟನ್ನಿನ ಆ 23 ಹಂತಗಳೂ ಗ್ರೀಕ್ ಮೂರ್ತಿಗಳ ಗಾರೆಯ ನಕಲುಗಳೂ ಈ ಶಾಲೆಗಳಿಗೆ ಬಂದವು. ಇಲ್ಲಿಯ ನೇಕಾರ, ಕಂಚುಗಾರರ ಕೈಕೆಲಸದಿಂದ ಎತ್ತಿಕೊಂಡ ನಿಯಮಗಳನ್ನು ಇಲ್ಲಿಯ ಹುಡುಗರು ಗ್ರೀಕ್ ದೇವತೆಯ ಮೂಗು ನೋಡಿ ಕಲಿಯಬೇಕಾಯಿತು. ಎಲ್ಲವೂ ಕೆಟ್ಟದ್ದೇ ಎನ್ನಲಾಗದು. ಜೆ.ಜೆ. ಶಾಲೆಯ ಜಾನ್ ಗ್ರಿಫಿತ್ಸ್ 1872ರಿಂದ 1885ರವರೆಗೆ ತನ್ನ ವಿದ್ಯಾರ್ಥಿಗಳೊಂದಿಗೆ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿಸಿದ. ಆ ಹುಡುಗರ ಕಣ್ಣು ತೆರೆಸಿದ್ದು ಸೂತ್ರಕ್ಕಿಂತ ಆ ಗುಹೆಗಳೇ.

ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಯ ಹಳಬರಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳ ನೆನಪಿರುತ್ತದೆ. ವಸ್ತುಚಿತ್ರ, ಜ್ಯಾಮಿತಿ, ಡಿಸೈನ್ ಎಂದು ಪತ್ರಿಕೆಗಳು. ವೃತ್ತದೊಳಗೆ ಹೂವನ್ನು ಸರಳಗೊಳಿಸಿ ಸಮತೋಲದಿಂದ ತುಂಬಿಸುವ ಪ್ರಶ್ನೆ. ಜೋನ್ಸನ ಸೂತ್ರದ ದೂರದ ಮೊಮ್ಮಗು ಅದು. ಕರ್ನಾಟಕದ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳೂ ಅದೇ ವಂಶದವು. ಗದುಗಿನಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಕಟ್ಟಿದ ಕಲಾಶಾಲೆಗಳು ಉತ್ತರ ಕರ್ನಾಟಕಕ್ಕೆ ತಲೆಮಾರುಗಟ್ಟಲೆ ಡ್ರಾಯಿಂಗ್ ಮೇಷ್ಟರನ್ನು ಕೊಟ್ಟವು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಚಿತ್ರಕಲೆಯನ್ನೂ ಮರ, ಲೋಹದ ಕಸುಬುಗಳನ್ನೂ ಒಂದೇ ಸೂರಿನಡಿ ತಂದಿತು.

ಈ ಆಮದು ಪಾಠಕ್ಕೆ ಮೊದಲ ಬಲವಾದ ಪ್ರತಿರೋಧ ಬಂದದ್ದು ಕಲ್ಕತ್ತೆಯ ಕಲಾಶಾಲೆಯಿಂದ. ಮದ್ರಾಸಿನಲ್ಲಿ ಪಳಗಿ 1896ರಲ್ಲಿ ಅಲ್ಲಿಗೆ ಹೋದ ಇ.ಬಿ. ಹ್ಯಾವೆಲ್ ಯುರೋಪಿನ ಮಾದರಿಗಳನ್ನು ಬದಿಗೆ ಸರಿಸಿ ಮೊಗಲ್ ಚಿತ್ರಗಳನ್ನು ತಂದ. ವಿದ್ಯಾರ್ಥಿಗಳೇ ಪ್ರತಿಭಟಿಸಿದರು, ತಮಗೆ ಕೀಳು ಶಿಕ್ಷಣ ಕೊಡುತ್ತಿದ್ದಾರೆಂದು! ಚಿತ್ರಕಾರ ಅವನೀಂದ್ರನಾಥ ಠಾಕೂರರು ಹ್ಯಾವೆಲ್ ಜೊತೆ ನಿಂತರು. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದರು.

ಅಮೆರಿಕದಲ್ಲಿ ಮೂಲಾಂಶ, ತತ್ವಗಳ ಪಟ್ಟಿಗೆ ಇಂದಿನ ರೂಪ ಬರತೊಡಗಿದ್ದೂ ಪೂರ್ವದ ಕಲೆ ನೋಡಿಯೇ. ಬಾಸ್ಟನ್ ಮ್ಯೂಸಿಯಮ್ಮಿನ ಜಪಾನಿ ಸಂಗ್ರಹವನ್ನು ಅರ್ನೆಸ್ಟ್ ಫೆನೊಲೋಸಾ ಜೊತೆ ಅಭ್ಯಾಸ ಮಾಡಿದ ಆರ್ಥರ್ ವೆಸ್ಲಿ ಡೌ, 1899ರ ‘ಕಾಂಪೊಸಿಷನ್’ ಪುಸ್ತಕದಲ್ಲಿ ರೇಖೆ, ಬೆಳಕು–ಕತ್ತಲೆಯ ಹಂಚಿಕೆ, ಬಣ್ಣ ಇವು ಮೂರೇ ಮೂಲ ಎಂದ. ಬೆಳಕು–ಕತ್ತಲೆಗೆ ಅವನು ಬಳಸಿದ್ದು ‘ನೋತಾನ್’ ಎಂಬ ಜಪಾನಿ ಹೆಸರನ್ನೇ. ಹಾರ್ವರ್ಡಿನ ಡೆನ್‌ಮನ್ ರಾಸ್ 1907ರಲ್ಲಿ ಹೊಂದಾಣಿಕೆ, ಸಮತೋಲ, ಲಯ ಎಂಬ ಮೂರು ತತ್ವಗಳ ಮೇಲೆ ‘ಎ ಥಿಯರಿ ಆಫ್ ಪ್ಯೂರ್ ಡಿಸೈನ್’ ಬರೆದ. ಇದೇ ರಾಸ್ 1917ರಲ್ಲಿ ಆನಂದ ಕುಮಾರಸ್ವಾಮಿಯವರ ಭಾರತೀಯ ಕಲಾಸಂಗ್ರಹವನ್ನು ಕೊಂಡು ಬಾಸ್ಟನ್ ಮ್ಯೂಸಿಯಮ್ಮಿಗೆ ಕೊಟ್ಟವನು. ಕುಮಾರಸ್ವಾಮಿಯವರು ಅಲ್ಲೇ ಕ್ಯುರೇಟರ್ ಆದರು.

ಇನ್ನು ಬೌಹೌಸ್. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ವೈಮಾರಿನಲ್ಲಿ ತೆರೆದ ಶಾಲೆಗೆ ಬಂದವರಲ್ಲಿ ಹಲವರು ಯುದ್ಧಭೂಮಿಯಿಂದ ಮರಳಿದ ತರುಣರು. ಒಬ್ಬೊಬ್ಬರ ಓದು ಒಂದೊಂದು ಮಟ್ಟ. ಅವರನ್ನು ಸಮಕ್ಕೆ ತರಲು ಯೋಹಾನೆಸ್ ಇಟ್ಟೆನ್ ಎಂಬ ಸ್ವಿಸ್ ಶಿಕ್ಷಕ ಪ್ರಾರಂಭಿಕ ತರಗತಿ ಶುರುಮಾಡಿದ. ದೊಡ್ಡದು–ಸಣ್ಣದು, ದಪ್ಪ–ತೆಳು, ಒರಟು–ನಯ ಎಂದು ವೈದೃಶ್ಯಗಳ ಜೋಡಿ ಕೊಟ್ಟು ಚಿತ್ರಿಸಲು ಹೇಳುತ್ತಿದ್ದ. ಮರದ ತೊಗಟೆ, ಉಣ್ಣೆ, ಗಾಜುಗಳನ್ನು ಬೆರಳಿನಿಂದ ಮುಟ್ಟಿ ತಿಳಿದು ಆಮೇಲೆ ಬರೆಯಬೇಕಿತ್ತು. ಪಾಠಕ್ಕೆ ಮೊದಲು ಉಸಿರಾಟದ ಅಭ್ಯಾಸ. ಸೂತ್ರಗಳಿಗೆ ಅಂಟಿದ್ದ ಪರೀಕ್ಷೆಯ ಧೂಳು ಇಲ್ಲಿ ಉದುರಿತು. ಕಲಿಕೆ ಮತ್ತೆ ಕಣ್ಣಿಗೂ ಕೈಗೂ ಬಂತು. ಆ ಶಾಲೆಯ ಕೆಲಸ ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಶಾಂತಿನಿಕೇತನದಲ್ಲಿದ್ದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ ಅವರ ಪತ್ರವ್ಯವಹಾರದಿಂದ 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕ್ಲೀ, ಕ್ಯಾಂಡಿನ್‌ಸ್ಕಿ, ಇಟ್ಟೆನ್, ಫೈನಿಂಗರ್ ಅವರ ಕೃತಿಗಳು ಗಗನೇಂದ್ರನಾಥ, ನಂದಲಾಲ ಬಸು, ಸುನಯನೀ ದೇವಿಯವರ ಕೃತಿಗಳ ಜೊತೆ ತೂಗಿದವು.

ಸ್ವಾತಂತ್ರ್ಯದ ನಂತರ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ವರದಿ ಕೊಟ್ಟರು. ತಾವು ಭಾರತದಲ್ಲಿ ಕಂಡ ವಸ್ತುಗಳಲ್ಲಿ ಅತ್ಯಂತ ಮೆಚ್ಚಿದ್ದು ತಂಬಿಗೆ ಎಂದರು. ಸೊಂಟಕ್ಕೆ ಹೇಗೆ ಕೂರುತ್ತದೆ, ಸುರಿಯುವಾಗ ತೂಕ ಹೇಗೆ ಬದಲಾಗುತ್ತದೆ, ಕೈಗೆ ಹೇಗೆ ಹಿಡಿತ ಸಿಗುತ್ತದೆ ಎಂದು ಸಾಲುಸಾಲಾಗಿ ಕೇಳಿದರು. ಯಾವೊಬ್ಬ ವಿನ್ಯಾಸಕಾರನೂ ಕುಳಿತು ಮಾಡಿದ್ದಲ್ಲ, ತಲೆಮಾರುಗಳ ಕೈ ತಿದ್ದಿದ ಆಕಾರ ಅದು ಎಂದರು. ಆ ವರದಿಯ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈಗ ಬೆಂಗಳೂರಿನಲ್ಲೂ ಅದರ ಆವರಣವಿದೆ.

ಹೀಗೆ ಎರಡು ಸಲ, ಮೂರು ಸಲ ಹೊರಗಿನವರು ಬಂದು ನಮ್ಮ ಮನೆಯ ವಸ್ತುವನ್ನು ನಮಗೆ ತೋರಿಸಿದ್ದಾರೆ. ಕೃತಜ್ಞತೆ ಸಲ್ಲಬೇಕಾದ್ದೇ. ಆದರೆ 1851ರ ಅಧಿಕೃತ ಕ್ಯಾಟಲಾಗಿನಲ್ಲಿ ಇಂಗ್ಲಿಷ್ ಮಾಲಿಗೆ ತಯಾರಕರ ಹೆಸರಿದ್ದರೆ ಭಾರತದ ಮಾಲಿಗೆ ಬಹುಪಾಲು ಊರಿನ ಹೆಸರು ಮಾತ್ರ. ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2006ರಲ್ಲಿ, ಅದೂ ಊರಿನ ಹೆಸರಿನಲ್ಲೇ.

ಚಿತ್ರಕಲೆಯ ಪಠ್ಯ ಬರೆಯುವವರಲ್ಲಿ, ಡ್ರಾಯಿಂಗ್ ಕಲಿಸುವ ಮೇಷ್ಟರು, ಮೇಡಂಗಳಲ್ಲಿ ಒಂದು ಕೋರಿಕೆ. ಹಿನ್ನೆಲೆಯೂ ಆಕಾರವಾಗುವ ವ್ಯತಿರಿಕ್ತ ತೆರಪಿನ ಪಾಠಕ್ಕೆ ಯಾವುದೋ ದೇಶದ ಹೂದಾನಿಯ ಚಿತ್ರ ಹಾಕುವ ಮುನ್ನ ಒಂದು ಅಫ್ತಾಬಿ ಬಿದರಿಯ ಚಿತ್ರ ಹಾಕಿ. ಸಾಧ್ಯವಾದರೆ ಮಕ್ಕಳನ್ನು ಬೀದರಿಗೇ ಕರೆದುಕೊಂಡು ಹೋಗಿ, ಉಳಿ ಹಿಡಿದು ಕೂತ ಕಸುಬುದಾರರ ಹತ್ತಿರ ಒಂದು ಗಂಟೆ ಕೂರಿಸಿ. ಬರುವಾಗ ಅವರ ಹೆಸರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲು ಹೇಳಿ.